ಸಂಘ ಮುಚ್ಚುವ ಸಭೆ

ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರಿನವರು ಕಟ್ಟಿಕೊಂಡ ಸಂಘ ಅದು. ಸದಸ್ಯರೆಲ್ಲ ಎಪ್ಪತ್ತು ದಾಟಿದವರು, ಸಭೆ ಅಂದರೆ ಮೂವರೂ ಸೇರುತ್ತಿರಲಿಲ್ಲ. ಆದರೆ ಕಾರ್ಯದರ್ಶಿ ನೀಲವ್ವ ‘ಸಂಘ ಮುಚ್ಚಲು ಕೊನೆಯ ಸಭೆ’ ಎಂದು ಪತ್ರ ಹಾಕಿದ್ದೇ ತಡ, ನಲವತ್ತೂ ಮಂದಿ ಕೋಲೂರಿಕೊಂಡು ಬಂದುಬಿಟ್ಟರು.

“ಊರಂತೂ ನೀರಾಗ ಹೋತು. ಸಂಘಾನೂ ಮುಳುಗಸ್ತೀಯೇನವಾ?” ಎಂಬತ್ತೈದರ ಅಧ್ಯಕ್ಷ ಸಿದ್ರಾಮಪ್ಪ ಗುಡುಗಿದರು.

“ಯಾರೂ ಬರಂಗಿಲ್ಲಲ್ರೀ ಕಾಕಾ!” ನೀಲವ್ವನೂ ದನಿ ಏರಿಸಿದಳು.

“ಇವತ್ತ ಬಂದೀವಲ್ಲ!”

ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಖಾಲಿಯಾದವು. ಮುಳುಗಿದ ಕಣದಲ್ಲಿ ರಾಶಿ ಮಾಡುವಾಗ ಹಾಡುತ್ತಿದ್ದ ಹಂತಿ ಪದಗಳನ್ನು ಗಂಟಲು ಬೀಳುವತನಕ ಹಾಡಿದರು. ಮುಚ್ಚುವ ಠರಾವಿಗೆ ಒಂದೂ ಕೈ ಏಳಲಿಲ್ಲ.

ಹೊರಟು ನಿಂತ ಸಿದ್ರಾಮಪ್ಪ ಬಾಗಿಲಲ್ಲಿ ತಿರುಗಿದರು.

“ಮುಂದಿನ ವರ್ಷಾನೂ ಮುಚ್ಚಾಕ ಕರಿಯವಾ. ಹನ್ನೊಂದು ವರ್ಷದ ಪದ್ಧತಿ, ತಪ್ಪಸಬ್ಯಾಡ.”