ತಣ್ಣನೆಯ ಅಚ್ಚಿನ ಗುಂಡು

ಬ್ಯಾಟರಿ ಅಂಗಡಿಯಲ್ಲಿ ಸೀಸ ಕರಗಿಸುವ ವಾಸನೆ ಬಂದರೆ ನನಗೆ ಈಗಲೂ ಆ ಮಧ್ಯಾಹ್ನದ ಸಿಟ್ಟು ಬರುತ್ತದೆ.

ಅಜ್ಜ ಸತ್ತ ಮೇಲೆ ಕೋವಿಗೆ ಗುಂಡು ಎರೆಯುವ ಎರಡು ಅಚ್ಚು ಉಳಿದಿದ್ದವು. ಹಿತ್ತಾಳೆಯದರಲ್ಲಿ ಹಕ್ಕಿ ಹೊಡೆಯುವ ಸಣ್ಣ ಗುಂಡು ಮಾತ್ರ ಆಗುತ್ತಿತ್ತು. ಕಬ್ಬಿಣದ್ದರಲ್ಲಿ ಅದೂ ಆಗುತ್ತಿತ್ತು, ಹಂದಿಗೆ ಬೇಕಾದ ದಪ್ಪ ಗುಂಡೂ ಆಗುತ್ತಿತ್ತು. ಅಪ್ಪನಿಗೂ ದೊಡ್ಡಪ್ಪನಿಗೂ ಅದೇ ಬೇಕಿತ್ತು.

ಅಣ್ಣ ಪಾಲು ಹಾಕಬೇಕು, ತಮ್ಮ ಮೊದಲು ಆರಿಸಬೇಕು, ನಮ್ಮಲ್ಲಿ ಹಾಗೆ. ದೊಡ್ಡಪ್ಪ ಕುಂಸಿಯಿಂದ ಭದ್ರಾವತಿಯ ನಮ್ಮ ಮನೆಗೆ ಬಂದು, ಹಿತ್ತಲಲ್ಲಿ ಸೀಸ ಕರಗಿಸಿದ. ಅಜ್ಜ ಯಾವ ಅಚ್ಚನ್ನೂ ಕಾಯಿಸದೆ ಎರೆಯುತ್ತಿರಲಿಲ್ಲ. ದೊಡ್ಡಪ್ಪ ಹಿತ್ತಾಳೆಯದನ್ನು ಮಾತ್ರ ಕೆಂಡದ ಮೇಲಿಟ್ಟ. ತಣ್ಣಗೇ ಇದ್ದ ಕಬ್ಬಿಣದ್ದರಿಂದ ಬಿದ್ದ ಗುಂಡು ಮೈತುಂಬ ಸುಕ್ಕಾಗಿತ್ತು.

"ನೋಡೋ, ಇದು ಕೆಟ್ಟೋಗಿದೆ. ನೀನು ಹಿತ್ತಾಳೆದು ತಗೊ ಮಾರಾಯ."

ಅಪ್ಪ ಸುಮ್ಮನೆ ಹಿತ್ತಾಳೆಯ ಅಚ್ಚಿಗೆ ಕೈ ಚಾಚಿದ. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಮೋಸ! ದೊಡ್ಡಪ್ಪ ಅದನ್ನ ಕಾಯಿಸ್ಲೇ ಇಲ್ಲ!"

"ಮುಚ್ಚೋ ಬಾಯಿ! ಗೇಣುದ್ದ ಇಲ್ಲ, ನನ್ನ ಕಳ್ಳ ಅಂತೀಯ?" ದೊಡ್ಡಪ್ಪ ಎದ್ದುಬಿಟ್ಟ.

"ಎಲೆ ಹಾಕಿದೀನಿ ಭಾವಾ, ಊಟ ಮಾಡ್ಕೊಂಡು ಹೋಗಿ," ಎಂದು ಅಮ್ಮ ಓಡಿ ಬಂದಳು.

"ನಿಮ್ಮನೆ ಅನ್ನ ನಾಯಿಗೆ ಹಾಕಮ್ಮ," ಎಂದು ಕಬ್ಬಿಣದ್ದನ್ನು ಅಲ್ಲೇ ಬಿಸಾಕಿ, ಹಿತ್ತಾಳೆಯ ಅಚ್ಚನ್ನು ಎತ್ತಿಕೊಂಡು ಹೋದ. ಮತ್ತೆಂದೂ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ.

ಭೇಷ್ ಅನ್ನುತ್ತಾನೆಂದು ಅಪ್ಪನ ಮುಖ ನೋಡಿದೆ. ಕೆನ್ನೆಗೆ ಬಿಗಿದ.

"ಕಾರ್ಖಾನೇಲಿ ದಿನಾ ಎರಕ ಹೊಯ್ಯೋನು ನಾನು. ಅಚ್ಚು ಕಾಯ್ದಿಲ್ಲ ಅಂತ ನನಗೆ ಗೊತ್ತಾಗಲ್ವೇನೋ?"