ಹುಂಜದ ಬೆನ್ನಿನ ಎತ್ತರ

"ಇದು ಉಳಿಯಲ್ಲ ಬಿಡು," ಎಂದು ಅಣ್ಣ ಕೋಳಿಮರಿಯನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿದ. "ನಿನ್ನೆ ಸತ್ತದ್ದರ ಹಾಗೇ ಇದೂ. ಏನೋ ರೋಗ. ನನ್ನ ಕೋಳಿಗಳಿಗೆ ಅಂಟೋ ಮೊದಲು ನಿನ್ನ ಮರಿಗಳನ್ನೆಲ್ಲಾ ಗುಂಡಿಗೆ ಹಾಕಿಬಿಡ್ತೀನಿ."

ತಂಗಿ ಅವನ ಕೈಯಿಂದ ಮರಿಯನ್ನು ಕಿತ್ತುಕೊಂಡಳು. ತನ್ನ ಕೋಣೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು, ಅದರೊಳಗೆ ಬಲ್ಬು ಉರಿಸಿ, ತಾನೂ ಜೊತೆಗೆ ಬೆಂದು ಸಾಕಿದ ಮರಿಗಳು ಅವು. ಮೂರು ದಿನದ ಹಿಂದಷ್ಟೇ ಹಿತ್ತಲಿಗೆ, ಅಣ್ಣನ ದೊಡ್ಡ ಕೋಳಿಗಳ ನಡುವೆ ಬಿಟ್ಟಿದ್ದಳು. ಅವಳದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ. ಬೆಳಗ್ಗೆ ಹೊರಟರೆ ಕತ್ತಲಾದ ಮೇಲೇ ಮನೆ. ಇವತ್ತು ರಜೆ ಇದ್ದದ್ದರಿಂದ ಹಗಲಿನಲ್ಲಿ ಹಿತ್ತಲು ಕಂಡಿದ್ದಳು. ಮರಿ ಅಂಗೈಯಲ್ಲಿ ಖಾಲಿ ಬೆಂಕಿಪೊಟ್ಟಣದಷ್ಟು ಹಗುರ. ಕತ್ತಿನ ಬುಡಕ್ಕೆ ಬೆರಳಿಟ್ಟು ಒತ್ತಿ ನೋಡಿದಳು. ತಿಂದದ್ದು ಮೊದಲು ಹೋಗಿ ನಿಲ್ಲುವ ಚೀಲ ಅಲ್ಲಿ ಗೋಲಿಯ ಹಾಗೆ ಉಬ್ಬಿರಬೇಕಿತ್ತು. ಚರ್ಮಕ್ಕೆ ಚರ್ಮ ಅಂಟಿಕೊಂಡಿತ್ತು.

"ಇದಕ್ಕೆ ರೋಗ ಇಲ್ಲ ಅಣ್ಣ. ಇದು ಏನೂ ತಿಂದಿಲ್ಲ."

"ತಿಂದಿಲ್ವಾ? ಫೀಡರ್ ತುಂಬಿ ಕೂತಿದೆ, ಕಣ್ಣು ಕಾಣಲ್ವಾ ನಿಂಗೆ?"

ಫೀಡರ್ ಅಣ್ಣನ ಹೆಮ್ಮೆ. ನೆಲದಲ್ಲಿ ನೆಟ್ಟ ಕಬ್ಬಿಣದ ಕಂಬ, ಅದರ ಸುತ್ತ ಗುಂಡನೆಯ ತಗಡಿನ ತಟ್ಟೆ. ಮೊದಲು ತಟ್ಟೆ ನೆಲದ ಮೇಲೆಯೇ ಇತ್ತು. ಕೋಳಿಗಳು ಅದರೊಳಗೆ ಕಾಲಿಟ್ಟು ಕೆದರಿ ಅರ್ಧ ಕಾಳನ್ನು ಮಣ್ಣುಪಾಲು ಮಾಡುತ್ತಿದ್ದವು. ಇಲಿಗಳು ದಪ್ಪಗಾಗಿದ್ದವು. ತಟ್ಟೆಯ ಅಂಚು ಕೋಳಿಯ ಬೆನ್ನಿನ ಎತ್ತರಕ್ಕಿದ್ದರೆ ಚೆಲ್ಲುವುದಿಲ್ಲ ಎಂದು ಅವನ ವೆಲ್ಡಿಂಗ್ ಅಂಗಡಿಗೆ ಬಂದ ಗಿರಾಕಿ ಹೇಳಿದ್ದ. ಹೇಳಿದ್ದು ಸರಿಯೇ. ಅಣ್ಣ ಹುಂಜವನ್ನು ಹಿಡಿದು ತಂದು ಕಂಬದ ಪಕ್ಕ ನಿಲ್ಲಿಸಿ, ಅದರ ಬೆನ್ನಿಗೆ ಸರಿಯಾಗಿ ಗುರುತು ಹಾಕಿದ. ಬೇರೆಯವರಾಗಿದ್ದರೆ ಹಗ್ಗ ಕಟ್ಟಿ ತೂಗುಹಾಕುತ್ತಿದ್ದರು, ಬೇಕಾದಾಗ ಏರಿಸಿ ಇಳಿಸುತ್ತಿದ್ದರು. ಇವನು ಬೆಸುಗೆ ಹಾಕಿಬಿಟ್ಟ. ಯಾರೂ ಕೈಯಾಡಿಸಬಾರದು ನೋಡಿ.

ಈಗ ಹುಂಜ ಅವಸರವಿಲ್ಲದೆ, ಊಟದ ಮನೆಯ ಯಜಮಾನನಂತೆ ತಿನ್ನುತ್ತಿತ್ತು. ತಟ್ಟೆಯ ಕೆಳಗೆ ಮರಿಗಳು ಕತ್ತು ಚಾಚಿ ಹಾರಿದರೆ ಕೊಕ್ಕು ತಗಡಿನ ತಳಕ್ಕೆ ಬಡಿದು ಟಕ್ ಎನ್ನುತ್ತಿತ್ತು. ಟಕ್, ಟಕ್. ಸೋತು ನೆಲ ಕೆದರಿದರೆ ಬರೀ ಮಣ್ಣು.

"ನೋಡು, ಒಂದು ಕಾಳು ಕೆಳಗೆ ಬಿದ್ದಿದ್ರೆ ತೋರ್ಸು," ಎಂದ ಅಣ್ಣ.

"ಅದೇ ನಾನೂ ಹೇಳ್ತಿರೋದು, ಒಂದು ಕಾಳೂ ಬಿದ್ದಿಲ್ಲ! ಇವು ತಿನ್ನೋದೇನು, ನಿನ್ನ ಬೆಸುಗೇನಾ? ತಟ್ಟೆ ಇಳಿಸು."

"ಇಳಿಸೋಕೆ ಅದೇನು ಕಿಟಕಿ ಪರದೇನಾ? ಅಂಗಡಿಯಿಂದ ಕಟಿಂಗ್ ಮೆಷಿನ್ ತರಬೇಕು, ಕುಯ್ಯಬೇಕು. ನಾನು ಹಾಕಿದ ಬೆಸುಗೆ ಇವತ್ತಿನವರೆಗೂ ಯಾರೂ ಬಿಡಿಸಿಲ್ಲ. ಸ್ವಲ್ಪ ಬೆಳೀಲಿ, ತಾವೇ ತಿಂತಾವೆ."

"ತಿನ್ನದೆ ಹೇಗಣ್ಣ ಬೆಳೆಯೋದು?"

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. "ಬಿಡಮ್ಮ, ಅವರು ಒಂದು ಸಲ ಅಂದ್ಮೇಲೆ ಮುಗೀತು," ಎಂದಳು. ಆ ಮಾತನ್ನು ಎಷ್ಟು ಸಲ ಆಡಿದ್ದಳೋ, ಅದರಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಅಣ್ಣ ಜಂಬದಿಂದ ಅಂಗಿ ಕೊಡವಿಕೊಂಡು ಅಂಗಡಿಗೆ ಹೊರಟ. "ಮಧ್ಯಾಹ್ನ ಬಂದು ನೋಡ್ತೀನಿ. ಆಗಲೂ ಮರಿಗಳು ತೂಕಡಿಸ್ತಿದ್ರೆ ಗುಂಡಿಗೇ ಸೈ."

ತಂಗಿ ಅತ್ತಿಗೆಯನ್ನು ದಾಟಿಕೊಂಡು ಒಳಗೆ ನುಗ್ಗಿದಳು. ಅಡುಗೆಮನೆಯ ಗೋಡೆಗೆ ಅಣ್ಣ ಮದುವೆಯ ವರ್ಷ ಬೆಸುಗೆ ಹಾಕಿ ಕೂರಿಸಿದ ಕಬ್ಬಿಣದ ಕಪಾಟು, ಅವನ ಕೈಗೆ ಹದವಾದ ಎತ್ತರದಲ್ಲಿ. ಅದರ ಕೆಳಗೆ ಅತ್ತಿಗೆ ಅಕ್ಕಿಗೊಮ್ಮೆ, ಬೇಳೆಗೊಮ್ಮೆ, ಉಪ್ಪಿಗೊಮ್ಮೆ ಹತ್ತಿಳಿಯುವ ಮರದ ಸ್ಟೂಲು. ಸ್ಟೂಲನ್ನು ಎತ್ತಿಕೊಂಡು ಹೋದ ತಂಗಿ ಹಿತ್ತಲಲ್ಲಿ ತಟ್ಟೆಯ ಪಕ್ಕಕ್ಕೆ ಅಡ್ಡಡ್ಡ ಮಲಗಿಸಿದಳು. ಒಂದು ಮರಿ ಹಾರಿ ಅದರ ಕಾಲಿನ ಮೇಲೆ ಕೂತಿತು. ಆಮೇಲೆ ಇನ್ನೊಂದು. ನಿತ್ರಾಣವಾಗಿದ್ದ ಮರಿಯನ್ನು ಅವಳೇ ಅಂಗೈಯಲ್ಲಿ ತಟ್ಟೆಯ ಅಂಚಿಗೆ ಹಿಡಿದಳು. ಅದು ಕಣ್ಣು ಮುಚ್ಚಿತು, ತೆರೆಯಿತು, ಕುಕ್ಕಿತು. ಮತ್ತೆ ಕುಕ್ಕಿತು.

"ಸ್ಟೂಲು ತರಲಾ ಒಳಗೆ?" ಎಂದು ಸ್ವಲ್ಪ ಹೊತ್ತಿನ ಮೇಲೆ ತಂಗಿ ಕೇಳಿದಳು.

ಹುಂಜದ ಪಕ್ಕದಲ್ಲೇ ನಿಂತು ಮುಕ್ಕುತ್ತಿದ್ದ ಮರಿಗಳನ್ನು ಅತ್ತಿಗೆ ಬಾಗಿಲಿನಿಂದ ನೋಡುತ್ತಿದ್ದಳು. "ಬೇಡ. ಅಲ್ಲೇ ಇರ್ಲಿ," ಎಂದಳು.

ಮಧ್ಯಾಹ್ನ ಅಣ್ಣ ಬಂದು ಕೈತೊಳೆದು ಕೂತಾಗ ಮುಂದೆ ಖಾಲಿ ತಟ್ಟೆ ಇತ್ತು. ಒಲೆ ತಣ್ಣಗಿತ್ತು. ಅತ್ತಿಗೆ ಎದುರಿಗೆ ಕೈಕಟ್ಟಿ ಕೂತಿದ್ದಳು.

"ಅಡುಗೆ?"

"ಅಕ್ಕಿ ಮೇಲಿದೆ. ಸ್ಟೂಲು ಮರಿಗಳಿಗೆ ಬೇಕಂತೆ."

"ಇಷ್ಟಕ್ಕೆ ಉಪವಾಸ ಕೆಡವೋದಾ? ಹೇಳಿದ್ರೆ ನಾನೇ ತೆಗೆದುಕೊಡ್ತಿರಲಿಲ್ವಾ?" ಅಣ್ಣ ದಡಬಡ ಎದ್ದು, ಹಿಮ್ಮಡಿ ಕೂಡ ಎತ್ತದೆ, ಒಂದೇ ಕೈಯಲ್ಲಿ ಅಕ್ಕಿಡಬ್ಬ ಇಳಿಸಿ ಅವಳ ಮುಂದೆ ಕುಕ್ಕಿದ.

ಮದುವೆಯಾದಾಗಿನಿಂದ ಆ ಡಬ್ಬ ಅಷ್ಟು ಸಲೀಸಾಗಿ ಇಳಿದದ್ದನ್ನು ಅತ್ತಿಗೆ ನೋಡಿರಲಿಲ್ಲ. ಅದನ್ನು ಮುಟ್ಟಲಿಲ್ಲ.

"ಕಟಿಂಗ್ ಮೆಷಿನ್ ತನ್ನಿ," ಎಂದಳು, ಕಪಾಟಿನ ಕಡೆ ನೋಡುತ್ತಾ. "ಹಿತ್ತಲಿನದು ಕುಯ್ದಾದ ಮೇಲೆ ಆಫ್ ಮಾಡಬೇಡಿ. ಹಾಗೇ ಒಳಗೆ ಬನ್ನಿ."