ಸೀಟಿ ಊದದ ರೈಲು

ರೈಲಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಾಗ ಸೊಸೆ ಒಳಗಿದ್ದಳು, ಮಾವ ಪ್ಲಾಟ್‌ಫಾರಂ ಮೇಲಿದ್ದರು. ಗಾಜಿನಾಚೆ ಅವರು ಕೈ ಎತ್ತಿದ್ದು ಕಂಡಿತು, ಬಾಯಿ ತೆರೆದದ್ದು ಕಂಡಿತು, ಏನಂದರೋ ಕೇಳಿಸಲಿಲ್ಲ. ಅವಳು ಎದ್ದು ಬಾಗಿಲು ಬಡಿಯುವಷ್ಟರಲ್ಲಿ ಸ್ಟೇಷನ್ನೇ ಹಿಂದೆ ಸರಿದುಹೋಗಿತ್ತು.

ಪಕ್ಕದ ಬೋಗಿಯಿಂದ ಮೂರು ಲೋಟ ಕಾಫಿಯನ್ನು ಸರ್ಕಸ್ ಮಾಡುತ್ತ ತಂದ ಗಂಡ ಖಾಲಿ ಸೀಟು ನೋಡಿ ನಿಂತ.

"ಅಪ್ಪ ಎಲ್ಲಿ?"

"ಇಳಿದುಬಿಟ್ರು ರೀ. ಅಷ್ಟರಲ್ಲಿ ಬಾಗ್ಲು ಹಾಕ್ಕೊಳ್ತು."

"ಇಳಿದ್ರಾ? ನಿನ್ನ ಒಂದು ಮಾತು ಕೇಳ್ಲಿಲ್ವಾ?"

"ನನ್ನ ಕೇಳಿದ್ರೆ ಬಿಡ್ತಿದ್ನಾ?"

ಶುದ್ಧ ಸುಳ್ಳು. ಮಾವ ಕೇಳಿದ್ದರು. "ಇಲ್ಲಿ ಎಷ್ಟು ಹೊತ್ತು ನಿಲ್ಲುತ್ತಮ್ಮ?" ಎಂದು ಒಂದಲ್ಲ, ಎರಡು ಸಲ. ಇಂಡಿಯಾದಿಂದ ಮಾವ ಬಂದಿದ್ದಾರೆ, ಊರು ತೋರಿಸಬೇಕು, ಇನ್ನೆರಡು ದಿನ ನನ್ನ ಡ್ಯೂಟಿ ನೀನು ಮಾಡು ಎಂದು ಅವಳು ಜೊತೆಯವಳಿಗೆ ಫೋನಿನಲ್ಲಿ ಗೋಗರೆದು ಬರೆಯುತ್ತಿದ್ದಳು. ತಲೆ ಎತ್ತದೆ "ನಿಲ್ಲುತ್ತೆ ಬಿಡಿ ಮಾವ" ಅಂದಿದ್ದಳು. ಅವರಿಗೆ ಅಷ್ಟೇ ಸಾಕಾಗಿತ್ತು. ಮೂವತ್ತನಾಲ್ಕು ವರ್ಷ ರೈಲ್ವೆ ಗಾರ್ಡ್ ಆಗಿದ್ದವರು. ರೈಲು ನಿಂತಲ್ಲೆಲ್ಲ ಇಳಿದು ಹಿಂದೆ ಮುಂದೆ ಒಮ್ಮೆ ಕಣ್ಣು ಹಾಯಿಸದಿದ್ದರೆ ಆ ಕಾಲುಗಳಿಗೆ ಸಮಾಧಾನವಿಲ್ಲ. ಗಾರ್ಡ್ ಸೀಟಿ ಊದಿ ಹಸಿರು ಬಾವುಟ ಬೀಸದೆ ರೈಲೆಂಬ ರೈಲು ಮಿಸುಕಾಡುವುದಿಲ್ಲ ಎಂದು ನಂಬಿಕೊಂಡೇ ಬಾಳಿದ ಜೀವ ಅದು.

ಸೀಟಿನ ಮೇಲೆ ಅವರ ಕೋಟು ಬಿದ್ದಿತ್ತು. ಫೋನು, ಪಾಸ್‌ಪೋರ್ಟು, ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲ ಅದರ ಜೇಬಿನಲ್ಲೇ. ಮೈಮೇಲೆ ಇದ್ದದ್ದು ಒಂದು ಸ್ವೆಟರು. ಹೊರಗೋ, ಮಾತಾಡಿದರೆ ಬಾಯಿಂದ ಹೊಗೆ ಬರುವ ಚಳಿ. ಟಿಕೆಟ್ ನೋಡುವಾತ ಬಂದು ಎಲ್ಲವನ್ನೂ ಕೇಳಿಕೊಂಡ. ಮುಂದಿನ ನಿಲ್ದಾಣ ನಲವತ್ತು ನಿಮಿಷದ ದಾರಿ, ನಡುವೆ ನಿಲ್ಲಿಸುವಂತಿಲ್ಲ. ಹಿಂದಿನ ಸ್ಟೇಷನ್ನಿಗೆ ಫೋನ್ ಮಾಡೋಣವೆಂದರೆ ಅಲ್ಲಿ ನೌಕರರೇ ಇಲ್ಲ, ಎಲ್ಲ ಯಂತ್ರ. "ಹಿರಿಯರಿಗೆ ನಮ್ಮ ಭಾಷೆ ಬರುತ್ತದೆಯೇ?" ಎಂದು ಅವನು ವಿಚಾರಿಸಿದ. ಗಂಡ ಹೆಂಡತಿ ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು.

ಅವಳು ವೃದ್ಧಾಶ್ರಮದಲ್ಲಿ ನರ್ಸು. ದಿನಕ್ಕೆ ಮೂರು ಸಲ ಮೂವತ್ತೊಂದು ಮುದಿತಲೆಗಳನ್ನು ಎಣಿಸಿ ಸಹಿ ಹಾಕುವವಳಿಗೆ ತನ್ನ ಮನೆಯ ಒಂದು ತಲೆ ಕಾಯಲಾಗಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿದವರು ಹೊತ್ತಿಗೆ ಸರಿಯಾಗಿ ತಿನ್ನದೆ ಸಕ್ಕರೆ ಇಳಿದರೆ ಏನೇನಾಗುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಬೆವರು, ನಡುಕ, ಆಮೇಲೆ ಮಂಪರು. ಒಂದೊಂದನ್ನೂ ಮಾವನ ಮುಖಕ್ಕೆ ಹಚ್ಚಿ ನೋಡುತ್ತ ಕೂತಳು.

"ಮುಂದಿನ ರೈಲು ಯಾವ್ದಾದ್ರೂ ಹತ್ತಿಬಿಟ್ರೆ ಏನ್ಮಾಡೋದು?" ಎಂದ ಗಂಡ.

"ಹತ್ತಲ್ಲ."

"ಅದ್ಹೇಗ್ ಹೇಳ್ತೀಯ?"

"ಟಿಕೆಟ್ ನಿಮ್ಮ ಹತ್ರ ಇದೆ. ಟಿಕೆಟ್ ಇಲ್ದೆ ರೈಲು ಹತ್ತೋ ಪೈಕಿನಾ ನಿಮ್ಮಪ್ಪ?"

ಗಂಡ ನಗಲು ಹೋದ, ಆಗಲಿಲ್ಲ. "ಹಾಗೆಲ್ಲ ಕೇಳ್ದೆ ಇಳಿಯೋರಲ್ವಲ್ಲೇ ಅಪ್ಪ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಅವಳು ಫೋನನ್ನು ಚೀಲದೊಳಕ್ಕೆ ತಳ್ಳಿದಳು. ಮಾವ ಸಿಗಲಿ ದೇವರೇ ಎಂದು ಬೇಡಿಕೊಂಡಳು. ಸಿಕ್ಕ ಮೇಲೆ ಬಾಯಿ ಬಿಡದಿರಲಿ ಎಂದೂ ಬೇಡಿಕೊಂಡಳು. ಎರಡನೆಯದಕ್ಕೆ ನಾಚಿಕೆಯಾಯಿತು, ಆದರೂ ಬೇಡಿಕೊಂಡಳು.

ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರಿನಿಂದ ಬಂದ ರೈಲು ಹತ್ತಿ ಮರಳುವಷ್ಟರಲ್ಲಿ ಎರಡು ಗಂಟೆಯಾಗಿತ್ತು. ಎದುರಿನ ಪ್ಲಾಟ್‌ಫಾರಮ್ಮಿನ ಬೆಂಚು ಖಾಲಿ. ಗಾಜಿನ ಕೋಣೆ ಖಾಲಿ. ಗಂಡ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ಅವಳು ಸೇತುವೆಯ ನಡುವೆ ನಿಂತು ಕಣ್ಣಾಡಿಸಿದಳು. ದೂರದಲ್ಲಿ, ಪ್ಲಾಟ್‌ಫಾರಂ ಇಳಿಜಾರಾಗಿ ಮುಗಿಯುವ ಕಡೆ, ಸ್ವೆಟರಿನ ತೋಳುಗಳನ್ನು ಬೆರಳ ತನಕ ಎಳೆದುಕೊಂಡು ಒಂದು ಆಕೃತಿ ನೆಟ್ಟಗೆ ನಿಂತಿತ್ತು. ಅವಳಿಗೆ ಹೋದ ಜೀವ ಬಂತು.

"ಹೇಳ್ದೆ ಕೇಳ್ದೆ ಇಳಿಯೋದಾ ಅಪ್ಪ?" ಮಗ ಗದರಿದ.

ಅವಳು ಮಾವನ ಬಾಯಿಗೆ ಸಕ್ಕರೆ ತುಂಡು ಕೊಟ್ಟು, ಕೋಟು ಹೊದಿಸಿ ಗುಂಡಿ ಹಾಕುತ್ತಿದ್ದಳು. ಆ ಮಾತಿಗೆ ಅವಳ ಬೆರಳು ಗುಂಡಿಯ ಮೇಲೆಯೇ ನಿಂತುಬಿಟ್ಟಿತು. ಮಾವ ಒಮ್ಮೆ ಅವಳ ಮುಖ ನೋಡಿದರು.

"ನಂದೇ ತಪ್ಪು ಕಣೋ" ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು. "ಸೀಟಿ ಊದ್ತಾರಲ್ಲ, ಆವಾಗ ಹತ್ತಿದ್ರಾಯ್ತು ಅಂದ್ಕೊಂಡೆ."

"ಅದಿರ್ಲಿ, ಈ ತುದೀಗೆ ಬಂದು ಯಾಕೆ ನಿಂತಿದ್ದು? ಬೆಂಚಿರ್ಲಿಲ್ವಾ?"

"ಕೊನೇ ಡಬ್ಬಿ ನಿಲ್ಲೋದು ಇಲ್ಲೇ ಅಲ್ವೇನೋ? ಗಾರ್ಡ್ ಇರೋದು ಅದ್ರಲ್ಲಿ. ನಿಮ್ಮ ರೈಲು ಹೋಗ್ವಾಗ್ಲೂ ಕೈ ಎತ್ಕೊಂಡು ಅದಕ್ಕೇ ಕಾದೆ. ಆಮೇಲೆ ಇನ್ನೂ ಮೂರು ರೈಲು ಹೋದ್ವು. ಒಂದ್ರಲ್ಲೂ ಯಾರೂ ಇಲ್ಲ."

ಸೊಸೆ ಕೊನೆಯ ಗುಂಡಿ ಹಾಕಿದಳು. ಮಾವ ಹಳಿಗಳ ಕಡೆ ನೋಡುತ್ತ, ಏನನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ, ನಿಜವಾಗಿ ತಿಳಿದುಕೊಳ್ಳಬೇಕೆನ್ನುವವರ ಹಾಗೆ ಅವಳನ್ನೇ ಕೇಳಿದರು:

"ಹಿಂದೆ ಯಾರಾದ್ರೂ ಉಳ್ಕೊಂಡ್ರಾ ಅಂತ ತಿರುಗಿ ನೋಡೋಕೆ ಇಲ್ಲಿ ಒಬ್ರನ್ನೂ ಇಟ್ಕೊಂಡಿಲ್ವೇನಮ್ಮ?"